ಡಿಸ್ಕ್ ಬದಲಿಸುವುದು ಅವರ ಕೆಲಸ, ಬಿಡಿಸಿಕೊಡುವುದು ನಮ್ಮದು

ಮೊನ್ನೆ ಸೋಮವಾರ ಬೆಳಿಗ್ಗೆ ಎರಡನೆಯ ದೋಸೆ ಹಂಚಿನ ಮೇಲಿದ್ದಾಗ ಮೊಬೈಲಿಗೆ ಕ್ಲೌಡ್ ಕಂಪನಿಯ ಸಂದೇಶ ಬಂತು. ನಿಮ್ಮ ಇಂಥ ಸರ್ವರಿನ ಸ್ಥಳೀಯ ಡಿಸ್ಕ್ ಒಂದರಲ್ಲಿ ದೋಷ ಕಂಡಿದೆ, ಬದಲಿಸಲು ಒಪ್ಪಿಗೆ ಕೊಡಿ. ಕೆಳಗೊಂದು ಗುಂಡಿ, ಒತ್ತಿದರೆ ಎಲ್ಲ ಮುಗಿಯಿತು ಎನ್ನುವ ಹಾಗೆ.

ದೋಸೆ ಸೀದುಹೋಯಿತು. ಗುಂಡಿಯನ್ನು ನಾನು ಒತ್ತಿದ್ದು ಮಧ್ಯಾಹ್ನ ಮೂರೂವರೆಗೆ. ಅಲ್ಲಿಯವರೆಗೆ ಏನು ಮಾಡುತ್ತಿದ್ದಿರಿ ಎಂದು ಮ್ಯಾನೇಜರ್ ಕೇಳಿದರು. ಕೋಪ ಇರಲಿಲ್ಲ, ಪಾಪ, ಅವರಿಗೆ ನಿಜಕ್ಕೂ ಗೊತ್ತಿರಲಿಲ್ಲ. ಅಲ್ಲಿ ನಿಂತುಕೊಂಡು ಎರಡು ಮಾತಿನಲ್ಲಿ ಹೇಳಿ ಮುಗಿಸಿದ್ದನ್ನು ಇಲ್ಲಿ ಕುಳಿತು ಬರೆಯುತ್ತಿದ್ದೇನೆ.

ಕ್ಲೌಡಿನಲ್ಲಿ ಸಾಮಾನ್ಯವಾಗಿ ಸಿಗುವ ಡಿಸ್ಕ್ ನೆಟ್‌ವರ್ಕಿನ ಆಚೆ ಎಲ್ಲೋ ಇರುತ್ತದೆ. ಅದರ ಪ್ರತಿಗಳನ್ನು ಕಂಪನಿಯೇ ಇಟ್ಟುಕೊಂಡಿರುತ್ತದೆ, ಒಂದು ಕೆಟ್ಟರೆ ನಮಗೆ ಸುದ್ದಿಯೂ ಬರುವುದಿಲ್ಲ. ಸ್ಥಳೀಯ ಡಿಸ್ಕ್ ಹಾಗಲ್ಲ. ನಮ್ಮ ಸರ್ವರ್ ಓಡುತ್ತಿರುವ ಪೆಟ್ಟಿಗೆಯೊಳಗೇ ಅದು ಕುಳಿತಿರುತ್ತದೆ. ವೇಗ ಹೆಚ್ಚು, ಬೆಲೆ ಕಡಿಮೆ, ಆದರೆ ಅದರಲ್ಲಿರುವುದಕ್ಕೆ ನಾವೇ ಹೊಣೆ. ಅಮೆಜಾನ್ ತನ್ನ ಸ್ಥಳೀಯ ಡಿಸ್ಕ್ ಆದ ಇನ್‌ಸ್ಟೆನ್ಸ್ ಸ್ಟೋರ್ ಬಗ್ಗೆ ಇದನ್ನು ಮುಚ್ಚುಮರೆಯಿಲ್ಲದೆ ಬರೆದಿದೆ: ರೀಬೂಟ್ ಮಾಡಿದರೆ ದತ್ತಾಂಶ ಉಳಿಯುತ್ತದೆ, ಯಂತ್ರವನ್ನು ನಿಲ್ಲಿಸಿದರೆ ಹೋಗುತ್ತದೆ. ‘ಒಂದು ಸಲ ಆಫ್ ಮಾಡಿ ಆನ್ ಮಾಡಿ ನೋಡಿ’ ಎನ್ನುವ ಮನೆಮದ್ದನ್ನು ಇಲ್ಲಿ ಪ್ರಯೋಗಿಸಿದರೆ ಕೆಟ್ಟ ಒಂದು ಡಿಸ್ಕಿನ ಜೊತೆಗೆ ಅದೇ ಸರ್ವರಿನಲ್ಲಿ ನೆಟ್ಟಗಿರುವ ಉಳಿದ ಹನ್ನೊಂದೂ ಖಾಲಿ. ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುವುದು ಸುಮ್ಮನೆ ಅಲ್ಲ.

ಹಾಗಿದ್ದೂ ನಾವು ಇದನ್ನೇ ಬಳಸುವುದು, ದೊಡ್ಡ ದತ್ತಾಂಶವನ್ನು ಹಲವು ಯಂತ್ರಗಳಲ್ಲಿ ಹಂಚಿ ಇಡುವ ತಂತ್ರಾಂಶವಾದ ಹಡೂಪ್‌ಗಾಗಿ. ಅದು ದತ್ತಾಂಶದ ಪ್ರತಿ ತುಂಡನ್ನೂ ಮೂರು ಕಡೆ ಇಡುತ್ತದೆ. ಆದರೆ ಅದರಲ್ಲೊಂದು ವಿಚಿತ್ರ ಮಡಿವಂತಿಕೆ ಇದೆ. ಒಂದು ಯಂತ್ರದಲ್ಲಿ ಎಷ್ಟು ಡಿಸ್ಕ್ ಕೆಟ್ಟರೆ ಸಹಿಸಬೇಕು ಎಂಬ ಸಂಖ್ಯೆಯನ್ನು ನಾವು ಬರೆಯದೆ ಬಿಟ್ಟರೆ ಅದು 0 ಎಂದುಕೊಳ್ಳುತ್ತದೆ. ಹನ್ನೆರಡರಲ್ಲಿ ಒಂದು ಹೋದರೂ ಆ ಯಂತ್ರದಲ್ಲಿ ದತ್ತಾಂಶ ನೋಡಿಕೊಳ್ಳುವ ಹಡೂಪ್ ಪ್ರೋಗ್ರಾಂ, ಅಂದರೆ ಡೇಟಾನೋಡ್, ಪೂರ್ತಿಯಾಗಿ ಬಾಗಿಲು ಹಾಕಿಕೊಳ್ಳುತ್ತದೆ. ನಾವು ಅದನ್ನು 2 ಮಾಡಿಕೊಂಡಿದ್ದೇವೆ.

ತಂಡದಲ್ಲಿರುವ ಹೊಸ ಹುಡುಗ ಫೋನ್ ಮಾಡಿ, “ಮೇಡಂ, ಆ ಡಿಸ್ಕಿನಿಂದ ಇನ್ನೂ ಓದಲು ಬರುತ್ತಿದೆ. ಒಂದು ವಾರ ನೋಡೋಣವೇ?” ಎಂದ. ನನಗೆ ಭಯವಿರುವುದು ಇಂಥ ಡಿಸ್ಕಿನ ಬಗ್ಗೆಯೇ. ಸತ್ತದ್ದು ಸತ್ತಿತು, ಹಡೂಪ್ ಅದನ್ನು ಬಿಟ್ಟು ಮುಂದೆ ಹೋಗುತ್ತದೆ. ಅರೆಜೀವದ ಡಿಸ್ಕ್ ಪ್ರತಿ ಓದಿಗೂ ಏದುಸಿರು ಬಿಡುತ್ತಾ ಎಲ್ಲ ಕೆಲಸಗಳನ್ನೂ ತನ್ನ ಬಾಗಿಲಲ್ಲಿ ನಿಲ್ಲಿಸಿಕೊಳ್ಳುತ್ತದೆ. ಗೂಗಲ್‌ನವರು ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳ ಲೆಕ್ಕ ಇಟ್ಟು 2007ರಲ್ಲಿ ಪ್ರಬಂಧ ಪ್ರಕಟಿಸಿದರು. ಸ್ಕ್ಯಾನಿನಲ್ಲಿ ಮೊದಲ ದೋಷ ಕಂಡ ಡಿಸ್ಕ್ 60 ದಿನಗಳೊಳಗೆ ಕೈಕೊಡುವ ಸಂಭವ, ದೋಷ ಕಾಣದ ಡಿಸ್ಕಿಗಿಂತ 39 ಪಟ್ಟು ಎಂದು ಅದರಲ್ಲಿದೆ. ಹುಡುಗನಿಗೆ ಈ ಒಂದು ಸಂಖ್ಯೆ ಸಾಕಾಯಿತು.

ಈಗ ಮೂರೂವರೆಯ ಲೆಕ್ಕಕ್ಕೆ ಬರುತ್ತೇನೆ. ಮೊದಲು ಉಳಿದ ಎರಡು ಪ್ರತಿಗಳು ಸರಿಯಾಗಿವೆಯೇ ಎಂದು ಹಡೂಪ್‌ನಿಂದಲೇ ಹೇಳಿಸಬೇಕು. ಆಮೇಲೆ ಅದರ ಪಟ್ಟಿಯಿಂದ ಈ ಡಿಸ್ಕನ್ನು ತೆಗೆಯಬೇಕು. ಆಮೇಲೆ ಅನ್‌ಮೌಂಟ್, ಅಂದರೆ ಸರ್ವರ್ ನಡೆಸುವ ಲಿನಕ್ಸ್ ಒಂದು ಫೋಲ್ಡರಿನ ಮೇಲೆ ಕೂರಿಸಿಕೊಂಡ (ಮೌಂಟ್ ಮಾಡಿದ) ಡಿಸ್ಕನ್ನು ಅಲ್ಲಿಂದ ಬಿಡಿಸುವುದು. ಹೇಳುವುದಕ್ಕೆ ಒಂದು ಪದ. ಆದರೆ ಯಾವುದಾದರೂ ಪ್ರೋಗ್ರಾಂ ಅಲ್ಲಿ ಒಂದೇ ಒಂದು ಕಡತ ತೆರೆದಿಟ್ಟಿದ್ದರೂ ಲಿನಕ್ಸ್ ಒಪ್ಪುವುದಿಲ್ಲ. ಯಾರು ಹಿಡಿದುಕೊಂಡಿದ್ದಾರೆಂದು ಹುಡುಕಿದರೆ, ಮೊನ್ನೆ ಸಿಕ್ಕಿದ್ದು ಬ್ಯಾಕಪ್ಪಿನ ಒಂದು ಹಳೆಯ ಸ್ಕ್ರಿಪ್ಟ್. ಕೆಟ್ಟ ಸೆಕ್ಟರಿನಿಂದ ಉತ್ತರ ಬರಲೆಂದು ಕಾಯುತ್ತಾ ಕುಳಿತಿತ್ತು. ಆ ಸ್ಥಿತಿಯಲ್ಲಿರುವ ಪ್ರೋಗ್ರಾಂ ಬಲವಂತವಾಗಿ ನಿಲ್ಲಿಸುವ ಕಿಲ್ ಮೈನಸ್ 9 ಆದೇಶ ಕೊಟ್ಟರೂ ಜಗ್ಗುವುದಿಲ್ಲ. ಡಿಸ್ಕ್ ಉತ್ತರಿಸಬೇಕು, ಇಲ್ಲವೇ ಲಿನಕ್ಸಿನ ತಿರುಳಾದ ಕರ್ನಲ್ ಬೇಸತ್ತು ದೋಷ ಎಂದು ಹಿಂತಿರುಗಿಸಬೇಕು. ಇದರಲ್ಲೇ ಎರಡು ಗಂಟೆ ಹೋಯಿತು. ಅಂತರ್ಜಾಲದಲ್ಲಿ ಕೇಳಿದರೆ ‘ಲೇಜಿ ಅನ್‌ಮೌಂಟ್’ ಮಾಡಿ ಎನ್ನುತ್ತಾರೆ. ಅದು ಹೆಸರನ್ನಷ್ಟೇ ಅಳಿಸುತ್ತದೆ, ಹಿಡಿತ ಒಳಗೆ ಹಾಗೇ ಇರುತ್ತದೆ. ನನಗೆ ಅದು ಒಗ್ಗುವುದಿಲ್ಲ.

ಎಫ್‌ಎಸ್‌ಟ್ಯಾಬ್ ಎಂಬ, ಬೂಟ್ ಆಗುವಾಗ ಯಾವ ಡಿಸ್ಕ್ ಮೌಂಟ್ ಆಗಬೇಕೆಂದು ಹೇಳುವ ಕಡತದಲ್ಲಿ ಆ ಡಿಸ್ಕಿನ ಸಾಲಿನ ಮುಂದೆ ಒಂದು ಹ್ಯಾಶ್ ಚಿಹ್ನೆ ಹಾಕಿ ಅದನ್ನು ಲೆಕ್ಕಕ್ಕಿಲ್ಲದಂತೆ ಮಾಡುವುದನ್ನು ಮರೆಯಬಾರದು. ಮರೆತಿರೋ, ಆ ಸಾಲಿನಲ್ಲಿ ಡಿಸ್ಕ್ ಸಿಗದಿದ್ದರೂ ಮುಂದೆ ಹೋಗು ಎನ್ನುವ ನೋಫೇಲ್ ಎಂಬ ಮಾತೂ ಇಲ್ಲದಿದ್ದರೆ, ಡಿಸ್ಕ್ ತೆಗೆದ ಮೇಲೆ ರೀಬೂಟ್ ಆದ ಸರ್ವರ್ ಇಲ್ಲದ ಡಿಸ್ಕಿಗಾಗಿ ಒಂದೂವರೆ ನಿಮಿಷ ಕಾದು, ತುರ್ತು ಸ್ಥಿತಿಗೆ ಜಾರಿ, ಹೊರಗಿನಿಂದ ಯಾರನ್ನೂ ಒಳಗೆ ಬಿಡದೆ ಕುಳಿತುಬಿಡುತ್ತದೆ.

ಇಷ್ಟೆಲ್ಲ ಸರಿಯಾಗಿ ಮಾಡಿಯೂ ಹೋದ ವರ್ಷ ನಾವು ಎಡವಿದ್ದೆವು. ಅನ್‌ಮೌಂಟ್ ಆದ ಮೇಲೂ, ಡಿಸ್ಕ್ ಕೂರುತ್ತಿದ್ದ ಫೋಲ್ಡರ್ ಸಿಸ್ಟಂ ಡಿಸ್ಕಿನ ಮೇಲೆ ಖಾಲಿಯಾಗಿ ಉಳಿದಿರುತ್ತದೆ. ಆ ಜಾಗಕ್ಕೆ ಲಾಗ್ ಸುರಿಯುತ್ತಿದ್ದ ಒಂದು ಪ್ರೋಗ್ರಾಂ ಇತ್ತು. ಅದನ್ನು ನಿಲ್ಲಿಸಿದ್ದೆವು, ಅರ್ಧ ಗಂಟೆಯ ನಂತರ ಕಾವಲು ಸ್ಕ್ರಿಪ್ಟ್ ನಿಷ್ಠೆಯಿಂದ ಅದನ್ನು ಮತ್ತೆ ಎಬ್ಬಿಸಿತು. ಡಿಸ್ಕ್ ಇಲ್ಲವೆಂದು ಅದಕ್ಕೆ ಹೇಗೆ ಗೊತ್ತಾಗಬೇಕು? ಫೋಲ್ಡರ್ ಇದೆ, ಬರೆಯಲು ಬರುತ್ತದೆ, ಬರೆಯಿತು. 40 ಜಿಬಿಯ ಸಿಸ್ಟಂ ಡಿಸ್ಕ್ ತುಂಬುತ್ತಾ ಹೋಯಿತು. ಅಷ್ಟರಲ್ಲಿ ಹೊಸ ಡಿಸ್ಕ್ ಬಂತು, ಅದೇ ಫೋಲ್ಡರಿನ ಮೇಲೆ ಮೌಂಟ್ ಮಾಡಿದೆವು. ಸುರಿದ ಲಾಗ್‌ಗಳೆಲ್ಲ ಅದರ ಅಡಿಯಲ್ಲಿ ಮುಚ್ಚಿಹೋದವು.

ರಾತ್ರಿ ಹನ್ನೊಂದಕ್ಕೆ ಎಚ್ಚರಿಕೆ ಗಂಟೆ. ಡಿಸ್ಕ್ ಎಷ್ಟು ತುಂಬಿದೆ ಎಂದು ಹೇಳುವ ಡಿಎಫ್ ಆದೇಶವನ್ನು ಕೇಳಿದರೆ ಸಿಸ್ಟಂ ಡಿಸ್ಕ್ ನೂರಕ್ಕೆ ನೂರು ತುಂಬಿದೆ ಎನ್ನುತ್ತದೆ. ಕಡತಗಳ ಗಾತ್ರ ಹೇಳುವ ಡಿಯು ಆದೇಶ ಹಾಕಿ ಫೋಲ್ಡರುಗಳನ್ನು ಕೂಡಿಸಿದರೆ 9 ಜಿಬಿಯೂ ಇಲ್ಲ. ಅಳಿಸೋಣವೆಂದರೆ ಕಡತಗಳು ಕಣ್ಣಿಗೇ ಬೀಳುವುದಿಲ್ಲ. ನಾನು ಮೂವರನ್ನು ಎಬ್ಬಿಸಿದೆ, ನಾಲ್ಕು ಲೋಟ ಕಾಫಿ ಕುಡಿದೆ, ಕ್ಲೌಡ್ ಕಂಪನಿಯನ್ನು ಸುಮ್ಮಸುಮ್ಮನೆ ಬೈದೆ. ಬೆಳಗಿನ ಜಾವ ಮೂರಕ್ಕೆ, ಬೇರೇನೂ ತೋಚದೆ ಹೊಸ ಡಿಸ್ಕನ್ನು ಮತ್ತೆ ಅನ್‌ಮೌಂಟ್ ಮಾಡಿದಾಗ ಅಡಿಯಲ್ಲಿದ್ದ ಲಾಗ್‌ಗಳ ರಾಶಿ ಕಂಡಿತು.

ಅಂದಿನಿಂದ ನಮ್ಮಲ್ಲಿ ಒಂದು ಪದ್ಧತಿ ಇದೆ. ಅನ್‌ಮೌಂಟ್ ಆದ ಕೂಡಲೇ ಆ ಖಾಲಿ ಫೋಲ್ಡರಿಗೆ ಏನೂ ಬದಲಾಗದಂತೆ ತಡೆಯುವ ಚಾಟರ್ ಪ್ಲಸ್ ಐ ಆದೇಶ ಕೊಟ್ಟು ಬೀಗ ಜಡಿಯುತ್ತೇವೆ. ಆಮೇಲೆ ಎಲ್ಲ ಅಧಿಕಾರವಿರುವ ರೂಟ್ ಬಳಕೆದಾರನೇ ಬಂದರೂ ಬೀಗ ತೆಗೆಯದೆ ಅದರೊಳಗೆ ಕಡತ ಹುಟ್ಟಿಸಲಾಗದು. ಹೊಸ ಡಿಸ್ಕನ್ನು ಅದರ ಮೇಲೆ ಮೌಂಟ್ ಮಾಡಲು ಈ ಬೀಗ ಅಡ್ಡಿಯಲ್ಲ. ಮೊನ್ನೆ ಲಾಗ್ ಪ್ರೋಗ್ರಾಂ ಮತ್ತೆ ಎದ್ದು, ಬರೆಯಲಾಗದೆ, ಗೊಣಗಿ ಬಿದ್ದುಕೊಂಡಿತು. ಆ ದೋಷದ ಸಾಲನ್ನು ನೋಡಿ ನನಗಾದ ಸಂತೋಷ ಮನೆಯವರಿಗೆ ವಿವರಿಸಲಾಗಲಿಲ್ಲ.

ಕ್ಲೌಡ್ ಕಂಪನಿಯವರು ಮಾಡಿದ್ದು ಒಂದು ಡಿಸ್ಕನ್ನು ಎಳೆದು ಇನ್ನೊಂದನ್ನು ತಳ್ಳಿದ್ದು. ಅದನ್ನು ಹೀಗಳೆಯುತ್ತಿಲ್ಲ, ನೂರಾರು ಡಿಸ್ಕುಗಳ ನಡುವೆ ಸರಿಯಾದದ್ದನ್ನೇ ಎಳೆಯುವುದೂ ಕೆಲಸವೇ. ಆದರೆ ಕಚೇರಿಯ ವರದಿಯಲ್ಲಿ ‘ಡಿಸ್ಕ್ ಬದಲಾಯಿತು’ ಎಂಬ ಒಂದು ಸಾಲು ಬಂದು, ಬದಲಾಯಿಸುವಂತೆ ಮಾಡಿಕೊಟ್ಟ ಆರು ಗಂಟೆ ಎಲ್ಲಿಯೂ ಇಲ್ಲದಿರುವುದಕ್ಕೆ ನನ್ನ ತಕರಾರು. ಮನೆ ಖಾಲಿ ಮಾಡುವವರ ದುಡಿಮೆ ಸಾಮಾನು ಸಾಗಿಸುವ ಲಾರಿಯವರ ಬಿಲ್ಲಿನಲ್ಲಿ ಕಾಣುವುದಿಲ್ಲ, ಹಾಗೆ.

ಹೊಸ ಡಿಸ್ಕ್ ಮರುದಿನ ಬಂತು. ಅದರ ಗುರುತಿನ ಸಂಖ್ಯೆ, ಅಂದರೆ ಯುಯುಐಡಿ, ಬೇರೆ, ಆದ್ದರಿಂದ ಎಫ್‌ಎಸ್‌ಟ್ಯಾಬಿನ ಹಳೆಯ ಸಾಲಿನ ಹ್ಯಾಶ್ ತೆಗೆದರೆ ಪ್ರಯೋಜನವಿಲ್ಲ, ಹೊಸ ಸಾಲು ಬರೆಯಬೇಕು. ಈ ಸಲ ನೋಫೇಲ್ ಸೇರಿಸಿ ಹುಡುಗನ ಕೈಯಲ್ಲೇ ಬರೆಸಿದೆ. ಸಂಜೆ ಟೈಮ್‌ಶೀಟ್ ತುಂಬಲು ಕುಳಿತೆ. ಕೆಲಸದ ಬಗೆ ಎಂಬ ಕಡೆ ಆರಿಸಿಕೊಳ್ಳಲು ಹದಿನಾಲ್ಕು ಹೆಸರುಗಳಿದ್ದವು, ಇದಕ್ಕೆ ಹೊಂದುವುದು ಒಂದೂ ಇರಲಿಲ್ಲ. ‘ಇತರೆ’ ಎಂದು ಒತ್ತಿ, ಆರೂವರೆ ಗಂಟೆ ಎಂದು ಬರೆದೆ.