ಕಡಲಿಲ್ಲದ ಜಿಲ್ಲೆಯಲ್ಲೂ ಸುನಾಮಿಯ ಪಾಠ ನಡೆಯಬೇಕು

ಡಿಸೆಂಬರ್ ಬಂತೆಂದರೆ ನಮ್ಮ ಕೋಲಾರ ಜಿಲ್ಲೆಯಿಂದ ಕಡಲ ಕಡೆಗೆ ಹೊರಡುವ ಬಸ್ಸುಗಳಿಗೆ ಲೆಕ್ಕವಿರುವುದಿಲ್ಲ. ಶಾಲೆಗಳ ಶೈಕ್ಷಣಿಕ ಪ್ರವಾಸಗಳು ಗೋಕರ್ಣ, ಮುರುಡೇಶ್ವರ, ಮಲ್ಪೆಗಳತ್ತ ಸಾಗುತ್ತವೆ. ಕೆಂಪು ಸೀರೆಯುಟ್ಟು ಇರುಮುಡಿ ಹೊತ್ತ ಓಂಶಕ್ತಿ ಮಾಲಾಧಾರಿ ಹೆಣ್ಣುಮಕ್ಕಳು ತಮಿಳುನಾಡಿನ ಮೇಲ್ಮರುವತ್ತೂರಿಗೆ ಹೋಗಿಬರುವ ದಾರಿಯಲ್ಲಿ ಕಡಲ ತೀರದಲ್ಲೂ ಇಳಿಯುತ್ತಾರೆ. ಕೆಜಿಎಫ್‌ನ ಕ್ರೈಸ್ತ ಕುಟುಂಬಗಳು ರಜೆಯ ದಿನಗಳಲ್ಲಿ ಅದೇ ರಾಜ್ಯದ ಕಡಲಂಚಿನ ವೇಳಾಂಕಣ್ಣಿಯ ಚರ್ಚಿಗೆ ಹೋಗುತ್ತವೆ. ಇವರಲ್ಲಿ ಬಹುಪಾಲು ಜನರು ಕೆರೆ, ಕುಂಟೆ, ಬೋರ್‌ವೆಲ್‌ಗಳನ್ನು ನಂಬಿ ಬದುಕಿದವರು. ಕಡಲನ್ನು ಜೀವಮಾನದಲ್ಲಿ ಕೆಲವೇ ಬಾರಿ ಕಂಡವರು. ಸುನಾಮಿ ಮುನ್ನೆಚ್ಚರಿಕೆಯ ಸಿದ್ಧತೆ ನಮ್ಮಲ್ಲಿ ಬಹುಮಟ್ಟಿಗೆ ತೀರದಲ್ಲೇ ವಾಸಿಸುವವರನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪುಗೊಂಡಿದೆ. ಹೀಗೆ ದೂರದಿಂದ ಬಂದು ಒಂದು ಹಗಲು ನೀರಿನಂಚಿನಲ್ಲಿ ನಿಲ್ಲುವವರನ್ನು ಆ ಸಿದ್ಧತೆಯೊಳಗೆ ತರುವ ಕೆಲಸ ಅವರು ಹೊರಡುವ ಊರಿನಲ್ಲಿಯೇ, ಅಂದರೆ ನಮ್ಮಂಥ ಒಳನಾಡಿನ ಜಿಲ್ಲೆಗಳಲ್ಲಿಯೇ ಆರಂಭವಾಗಬೇಕು ಎಂಬುದು ಶಿಕ್ಷಕನಾಗಿ ನನ್ನ ದೃಢವಾದ ಅಭಿಪ್ರಾಯ.

2004ರ ಡಿಸೆಂಬರ್ 26 ಭಾನುವಾರವಾಗಿತ್ತು. ನಮ್ಮ ಸಮಯದಲ್ಲಿ ಬೆಳಿಗ್ಗೆ 6.29ರ ಹೊತ್ತಿಗೆ ಇಂಡೋನೇಷ್ಯಾದ ಸುಮಾತ್ರಾ ದ್ವೀಪದ ಪಶ್ಚಿಮಕ್ಕೆ, ಕಡಲ ತಳದಲ್ಲಿ 9.1ರಷ್ಟು ಪ್ರಬಲವಾದ ಭೂಕಂಪವಾಯಿತು. ಅದು ಎಬ್ಬಿಸಿದ ಅಲೆಗಳು ತಮಿಳುನಾಡಿನ ಕರಾವಳಿಯನ್ನು ಮುಟ್ಟಿದ್ದು ಒಂಬತ್ತು ಗಂಟೆಯ ಆಸುಪಾಸಿನಲ್ಲಿ. ನಡುವೆ ಎರಡು ಗಂಟೆಗೂ ಹೆಚ್ಚು ಸಮಯವಿತ್ತು; ವಯಸ್ಸಾದವರು ನಿಧಾನವಾಗಿ ನಡೆದುಕೊಂಡು ಹೋಗಿದ್ದರೂ ಸುರಕ್ಷಿತ ಜಾಗ ಸೇರಬಹುದಾಗಿತ್ತು. ಆದರೆ ಹಿಂದೂ ಮಹಾಸಾಗರದಲ್ಲಿ ಆಗ ಸುನಾಮಿ ಮುನ್ನೆಚ್ಚರಿಕೆಯ ವ್ಯವಸ್ಥೆಯೇ ಇರಲಿಲ್ಲ. ನಾಗಪಟ್ಟಿಣಂ ಜಿಲ್ಲೆಯೊಂದರಲ್ಲೇ 6,000ಕ್ಕೂ ಹೆಚ್ಚು ಜನ ಸತ್ತರು. ಎಲ್ಲ ದೇಶಗಳಲ್ಲಿ ಸೇರಿ ಸತ್ತವರು ಎರಡು ಲಕ್ಷಕ್ಕೂ ಅಧಿಕ. ಮೀನುಗಾರರ ಕೇರಿಗಳು ಅನುಭವಿಸಿದ ನಷ್ಟಕ್ಕೆ ಯಾವುದೂ ಸಮನಲ್ಲ. ಅದರ ಜೊತೆಗೆ ಇನ್ನೊಂದನ್ನೂ ನಾವು ನೆನಪಿಡಬೇಕು: ಕ್ರಿಸ್‌ಮಸ್‌ನ ಮರುದಿನವಾದ್ದರಿಂದ ನಾಗಪಟ್ಟಿಣಂ ಜಿಲ್ಲೆಯದೇ ಆದ ವೇಳಾಂಕಣ್ಣಿಯ ತೀರದಲ್ಲಿ ಪರಸ್ಥಳದ ಭಕ್ತರು ತುಂಬಿದ್ದರು, ಮತ್ತು ಅವರಲ್ಲಿ ಅನೇಕರು ಹಿಂತಿರುಗಲಿಲ್ಲ.

ಆ ದುರಂತದ ನಂತರ ನಮ್ಮ ದೇಶ ಮಾಡಿರುವ ಕೆಲಸ ಸಣ್ಣದಲ್ಲ, ಅದನ್ನು ನಾನು ಅಭಿಮಾನದಿಂದಲೇ ಹೇಳುತ್ತೇನೆ. ಹೈದರಾಬಾದಿನಲ್ಲಿರುವ, ಸಾಗರದ ಮಾಹಿತಿ ನೀಡುವ ಕೇಂದ್ರ ಸರ್ಕಾರದ ಇನ್‌ಕಾಯಿಸ್ ಸಂಸ್ಥೆಯ ಸುನಾಮಿ ಮುನ್ನೆಚ್ಚರಿಕೆ ಕೇಂದ್ರ 2007ರ ಅಕ್ಟೋಬರ್‌ನಿಂದ ಹಗಲಿರುಳು ಕೆಲಸ ಮಾಡುತ್ತಿದೆ. ಭೂಕಂಪಮಾಪಕಗಳಿಂದ ಬಂದ ಮಾಹಿತಿಯನ್ನು ಅಳೆದು, ಮೊದಲೇ ಲೆಕ್ಕ ಹಾಕಿಟ್ಟುಕೊಂಡ ಸಾವಿರಾರು ಸಂಭವಗಳೊಡನೆ ಹೋಲಿಸಿ, ಸುಮಾರು ಹತ್ತು ನಿಮಿಷಗಳಲ್ಲಿ ಮೊದಲ ಬುಲೆಟಿನ್ ಹೊರಡಿಸುವುದು ಅದರ ಗುರಿ. ಆಮೇಲೆ ಕಡಲ ತಳದಲ್ಲಿರಿಸಿದ ಒತ್ತಡಮಾಪಕಗಳೂ ಬಂದರುಗಳಲ್ಲಿರುವ ನೀರಿನ ಮಟ್ಟದ ಮಾಪಕಗಳೂ ಅಲೆ ನಿಜವಾಗಿ ಎದ್ದಿದೆಯೇ ಎಂಬುದನ್ನು ಖಚಿತಪಡಿಸುತ್ತವೆ. ಆಸ್ಟ್ರೇಲಿಯಾ ಮತ್ತು ಇಂಡೋನೇಷ್ಯಾಗಳೊಂದಿಗೆ ಸೇರಿ ಈ ಕೇಂದ್ರ 2011ರಿಂದ ಹಿಂದೂ ಮಹಾಸಾಗರದ ಇತರ ದೇಶಗಳಿಗೂ ಮಾಹಿತಿ ನೀಡುತ್ತಿದೆ. ಕಡಲಿನ ಕಾವಲು ದಖ್ಖನ್ನಿನ ಒಣನೆಲದ ನಗರವೊಂದರಲ್ಲಿ ಕುಳಿತು ನಡೆಯುತ್ತಿದೆ ಎಂಬುದನ್ನು ಮಕ್ಕಳಿಗೆ ಹೇಳಿದಾಗ ಅವರಿಗೆ ಆಶ್ಚರ್ಯವಾಗುತ್ತದೆ. ದೂರದ ಭೂಕಂಪನವನ್ನು ಆಲಿಸುವ ವಿದ್ಯೆ ನಮ್ಮ ಭಾಗಕ್ಕೂ ಹೊಸದೇನಲ್ಲ. ಹಿಂದೆ ನಮ್ಮ ಜಿಲ್ಲೆಗೇ ಸೇರಿದ್ದ, ಈಗ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿರುವ ಗೌರಿಬಿದನೂರಿನಲ್ಲಿ 1965ರಲ್ಲಿಯೇ ಈಗಿನ ಭಾಭಾ ಅಣು ಸಂಶೋಧನಾ ಕೇಂದ್ರದವರು ಬೇರೆ ದೇಶಗಳ ಅಣುಸ್ಫೋಟಗಳನ್ನು ಗುರುತಿಸಲೆಂದು ಭೂಕಂಪಮಾಪಕಗಳ ಸಾಲನ್ನು ಸ್ಥಾಪಿಸಿದ್ದರು.

ಆದರೆ ಹೈದರಾಬಾದಿನಿಂದ ಹೊರಟ ಬುಲೆಟಿನ್ ಜಿಲ್ಲಾಡಳಿತದ ಮೂಲಕ ತೀರಕ್ಕೆ ಬಂದು, ಅಲ್ಲಿ ಮಗುವಿನ ಕೈ ಹಿಡಿದು ಮೊಣಕಾಲುದ್ದದ ನೀರಿನಲ್ಲಿ ನಿಂತಿರುವ ಮುಳಬಾಗಿಲಿನ ತಾಯಿಯನ್ನು ತಲುಪಬೇಕು. ತಲುಪಿದಾಗ ಆಕೆಗೆ ಅದು ಅರ್ಥವಾಗಬೇಕು. ಅರ್ಥವಾದ ಮೇಲೆ ಯಾವ ದಿಕ್ಕಿಗೆ ನಡೆಯಬೇಕೆಂಬುದು ಆಕೆಗೆ ಗೊತ್ತಿರಬೇಕು. 2023ರಲ್ಲಿ ನಮ್ಮ ಮೊಬೈಲ್‌ಗಳಲ್ಲಿ ಜೋರಾದ ಸದ್ದಿನೊಂದಿಗೆ ಸರ್ಕಾರದ ಪರೀಕ್ಷಾ ಸಂದೇಶವೊಂದು ಬಂದದ್ದು ನಿಮಗೆ ನೆನಪಿರಬಹುದು. ನಿರ್ದಿಷ್ಟ ಪ್ರದೇಶದಲ್ಲಿರುವ ಎಲ್ಲ ಮೊಬೈಲ್‌ಗಳಿಗೂ ಒಮ್ಮೆಗೇ ಎಚ್ಚರಿಕೆ ಕಳುಹಿಸುವ ಆ ವ್ಯವಸ್ಥೆ ಪ್ರವಾಸಿಗರ ಮಟ್ಟಿಗೆ ನಿಜವಾದ ವರದಾನ. ಹಾಗಿದ್ದರೂ ಅಂದು ಎಷ್ಟೋ ಜನ ಗಾಬರಿಯಿಂದ ಓದದೆಯೇ ಅದನ್ನು ಅಳಿಸಿಹಾಕಿದರು. ಸಂದೇಶ ಬಂದಾಗ ಏನು ಮಾಡಬೇಕೆಂದು ಮೊದಲೇ ಕಲಿಸದಿದ್ದರೆ ಕಡಲ ತೀರದಲ್ಲೂ ಹಾಗೆಯೇ ಆಗುತ್ತದೆ.

ಸುನಾಮಿಯ ಬಗ್ಗೆ ನಮ್ಮಲ್ಲಿರುವ ಕಲ್ಪನೆಯೂ ಸರಿಯಿಲ್ಲ. ಚಿತ್ರಗಳಲ್ಲಿ ಕಾಣುವಂತೆ ಮುಗಿಲೆತ್ತರಕ್ಕೆ ಬಾಗಿ ನಿಂತ ಒಂದೇ ಅಲೆ ಅದಲ್ಲ. ನಾಲ್ಕು ಸಾವಿರ ಮೀಟರ್ ಆಳದ ಕಡಲಿನಲ್ಲಿ ಅದು ಗಂಟೆಗೆ ಸುಮಾರು 700 ಕಿಲೋಮೀಟರ್ ವೇಗದಲ್ಲಿ ಸಾಗುತ್ತದೆ. ಅಲ್ಲಿ ಅದರ ಎತ್ತರ ಹಡಗಿನವರ ಗಮನಕ್ಕೂ ಬಾರದಷ್ಟು ಕಡಿಮೆ. ತೀರ ಸಮೀಪಿಸಿ ಆಳ ಕಡಿಮೆಯಾದಂತೆ ವೇಗ ತಗ್ಗಿ, ಹಿಂದಿನ ನೀರೆಲ್ಲ ಒತ್ತರಿಸಿಕೊಂಡು ಎತ್ತರ ಹೆಚ್ಚುತ್ತದೆ. ಆಮೇಲೆ ಅದು ಕೆರೆಯ ಏರಿ ಒಡೆದಾಗ ನೀರು ನುಗ್ಗುವಂತೆ, ದಾರಿಯಲ್ಲಿ ಸಿಕ್ಕ ದೋಣಿ, ಮರ, ಗೋಡೆಗಳನ್ನೆಲ್ಲ ಹೊತ್ತುಕೊಂಡು ನಿಮಿಷಗಟ್ಟಲೆ ಒಳಗೆ ಹರಿಯುತ್ತಲೇ ಇರುತ್ತದೆ. ಅಲೆಗಳು ಗಂಟೆಗಳ ಕಾಲ ಒಂದರ ಹಿಂದೊಂದು ಬರುತ್ತವೆ, ಮೊದಲನೆಯದೇ ದೊಡ್ಡದಾಗಿರಬೇಕೆಂದಿಲ್ಲ. ಮೊದಲ ಅಲೆ ಇಳಿದ ಮೇಲೆ ಬಂಧುಗಳನ್ನೂ ಸಾಮಾನುಗಳನ್ನೂ ಹುಡುಕಲು ಮರಳಿ ಹೋಗುವುದು ಆದ್ದರಿಂದಲೇ ಅತ್ಯಂತ ಅಪಾಯಕಾರಿ.

ಸಮುದ್ರ ಹಿಂದೆ ಸರಿದರೆ ಓಡಬೇಕು ಎಂಬ ಮಾತನ್ನು ಅನೇಕರು ಕೇಳಿದ್ದಾರೆ. ಮಾತು ಸರಿ, ಆದರೆ ಅದೊಂದೇ ಸಾಲದು. 2004ರಲ್ಲಿ ಭೂಕಂಪದ ಪೂರ್ವಕ್ಕಿದ್ದ ಥಾಯ್ಲೆಂಡ್‌ನಲ್ಲಿ ಕಡಲು ಮೊದಲು ಹಿಂದೆ ಸರಿಯಿತು. ಪಶ್ಚಿಮಕ್ಕಿದ್ದ ಶ್ರೀಲಂಕಾ ಮತ್ತು ಭಾರತದ ಕಡೆಗೆ ಮೊದಲು ಬಂದದ್ದು ಉಬ್ಬರದ ನೀರೇ. ದೂರದ ಭೂಕಂಪವಾದರೆ ತೀರದಲ್ಲಿ ನಿಂತವರಿಗೆ ನೆಲ ನಡುಗಿದ್ದು ತಿಳಿಯದೆಯೂ ಹೋಗಬಹುದು. ಅಂಥ ಸಂದರ್ಭದಲ್ಲಿ ಸರ್ಕಾರದ ಎಚ್ಚರಿಕೆಯೇ ಆಧಾರ. ಇದಕ್ಕೆ ವಿರುದ್ಧವಾದ ಉದಾಹರಣೆಗಳೂ ಇವೆ. 2018ರ ಸೆಪ್ಟೆಂಬರ್‌ನಲ್ಲಿ ಇಂಡೋನೇಷ್ಯಾದ ಪಾಲು ನಗರಕ್ಕೆ ನೆಲ ನಡುಗಿದ ಕೆಲವೇ ನಿಮಿಷಗಳಲ್ಲಿ ನೀರು ನುಗ್ಗಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ಅನಕ್ ಕ್ರಕಟೋವಾ ಜ್ವಾಲಾಮುಖಿಯ ಪಾರ್ಶ್ವ ಕುಸಿದು ಎದ್ದ ಸುನಾಮಿಗೆ ಯಾವ ಎಚ್ಚರಿಕೆಯೂ ಬರಲಿಲ್ಲ. ಆದ್ದರಿಂದ ಯಂತ್ರದ ಎಚ್ಚರಿಕೆ, ಪ್ರಕೃತಿಯ ಸೂಚನೆ ಎರಡರಲ್ಲಿ ಯಾವುದು ಮೊದಲು ಬಂದರೂ ಅದನ್ನೇ ನಂಬಿ ಹೊರಡುವ ಮನಸ್ಸು ಬೇಕು.

ನಮ್ಮ ಮಕ್ಕಳು ಹೋಗುವುದು ಕರ್ನಾಟಕದ ಕರಾವಳಿಗೆ, ಅಲ್ಲಿ ಸುನಾಮಿಯ ಭಯವಿಲ್ಲವಲ್ಲ ಎಂದು ಕೇಳುವವರಿದ್ದಾರೆ. ಪಾಕಿಸ್ತಾನ ಮತ್ತು ಇರಾನ್‌ಗಳ ದಕ್ಷಿಣಕ್ಕಿರುವ ಮಕ್ರಾನ್ ಭೂಕಂಪ ವಲಯದಲ್ಲಿ 1945ರ ನವೆಂಬರ್‌ನಲ್ಲಿ ಆದ ದೊಡ್ಡ ಭೂಕಂಪದ ಸುನಾಮಿ ಮುಂಬಯಿಯವರೆಗೂ ಬಂದು ಜೀವಹಾನಿ ಮಾಡಿತ್ತು. ಪಶ್ಚಿಮ ಕರಾವಳಿಗೆ ಅಪಾಯ ಪೂರ್ವಕ್ಕಿಂತ ಅಪರೂಪವಾದುದು, ನಿಜ. ಇಲ್ಲವೇ ಇಲ್ಲ ಎನ್ನಲಾಗದು.

2024ರ ಡಿಸೆಂಬರ್‌ನಲ್ಲಿ ನಮ್ಮ ಮುಳಬಾಗಿಲು ತಾಲ್ಲೂಕಿನ ವಸತಿ ಶಾಲೆಯೊಂದರಿಂದ ಪ್ರವಾಸ ಹೋಗಿದ್ದ ನಾಲ್ವರು ಹೆಣ್ಣುಮಕ್ಕಳು ಮುರುಡೇಶ್ವರದ ಕಡಲಿನಲ್ಲಿ ಮುಳುಗಿ ತೀರಿಕೊಂಡರು. ಅದು ಸುನಾಮಿಯಲ್ಲ, ದಿನನಿತ್ಯದ ಅಲೆಗಳೇ. ಆದರೂ ಈ ವಿಷಯದಲ್ಲಿ ಬರೆಯುವಾಗ ಆ ಮಕ್ಕಳನ್ನು ಬಿಟ್ಟು ಬರೆಯಲು ನನ್ನಿಂದಾಗದು. ಕಡಲಿನ ಸ್ವಭಾವ ತಿಳಿಯದ ಮಕ್ಕಳನ್ನು ನಾವು ಯಾವ ಪಾಠವನ್ನೂ ಹೇಳದೆ ಅದರ ಮುಂದೆ ನಿಲ್ಲಿಸುತ್ತಿದ್ದೇವೆ. ಪಾಠದಿಂದ ಏನಾಗಬಹುದು ಎನ್ನುವುದಕ್ಕೂ ಸಾಕ್ಷಿಯಿದೆ. ಇಂಗ್ಲೆಂಡಿನ ಹತ್ತು ವರ್ಷದ ಬಾಲಕಿ ಟಿಲ್ಲಿ ಸ್ಮಿತ್, ಎರಡು ವಾರಗಳ ಹಿಂದಷ್ಟೇ ಭೂಗೋಳದ ತರಗತಿಯಲ್ಲಿ ಸುನಾಮಿಯ ಬಗ್ಗೆ ಕಲಿತಿದ್ದಳು. 2004ರ ಆ ದಿನ ಥಾಯ್ಲೆಂಡಿನ ಫುಕೆಟ್‌ನಲ್ಲಿ ನೀರು ನೊರೆಗಟ್ಟಿ ವಿಚಿತ್ರವಾಗಿ ವರ್ತಿಸುವುದನ್ನು ಕಂಡು ಹೆತ್ತವರನ್ನು ಎಚ್ಚರಿಸಿದಳು. ಆ ತೀರದಲ್ಲಿದ್ದ ಸುಮಾರು ನೂರು ಜನ ಬದುಕಿದರು. ತನ್ನ ಊರಿಗೆ ಸುನಾಮಿ ಬರುತ್ತದೆಂದು ಅವಳೇನೂ ಅದನ್ನು ಕಲಿತಿರಲಿಲ್ಲ.

ಆದ್ದರಿಂದ ನಮ್ಮ ಶಿಕ್ಷಣ ಇಲಾಖೆಯಲ್ಲಿ ನನ್ನ ವಿನಂತಿಯಿಷ್ಟು. ಕರಾವಳಿಗೆ ಪ್ರವಾಸದ ಅನುಮತಿ ಕೊಡುವಾಗ, ಹೊರಡುವ ಮುನ್ನ ಮಕ್ಕಳಿಗೂ ಜೊತೆಗೆ ಹೋಗುವ ಶಿಕ್ಷಕರಿಗೂ ಒಂದು ತರಗತಿಯಷ್ಟು ಹೊತ್ತು ಕಡಲಿನ ಪಾಠವಾಗಿದೆ ಎಂಬುದನ್ನು ಷರತ್ತಾಗಿ ಸೇರಿಸಬೇಕು. ನವೆಂಬರ್ 5ರ ವಿಶ್ವ ಸುನಾಮಿ ಜಾಗೃತಿ ದಿನ ಪ್ರವಾಸದ ಕಾಲಕ್ಕೆ ಸರಿಯಾಗಿ ಮುಂಚೆ ಬರುವುದರಿಂದ ಅದನ್ನು ಒಳನಾಡಿನ ಶಾಲೆಗಳಲ್ಲೂ ಆಚರಿಸಬಹುದು. ಓಂಶಕ್ತಿ ಯಾತ್ರೆಯ ಗುಂಪುಗಳನ್ನು ಮುನ್ನಡೆಸುವ ಹಿರಿಯ ಅಕ್ಕಂದಿರಿಗೂ, ಚರ್ಚ್‌ಗಳಿಂದ ಬಸ್ ಹೊರಡಿಸುವವರಿಗೂ ಇದೇ ಮಾಹಿತಿಯನ್ನು ಕನ್ನಡ, ತೆಲುಗು, ತಮಿಳು ಮೂರರಲ್ಲೂ ಕೊಡಬೇಕು. ನಮ್ಮ ಗಡಿ ಜಿಲ್ಲೆಯ ಮನೆಗಳ ಮಾತು ಈ ಮೂರೂ ಆಗಿವೆ. ಒಡಿಶಾದ ವೆಂಕಟರಾಯಪುರ, ನೋಲಿಯಾಸಾಹಿ ಎಂಬ ಹಳ್ಳಿಗಳಿಗೆ 2020ರಲ್ಲಿ ಯುನೆಸ್ಕೋದ ಸಾಗರ ಆಯೋಗದಿಂದ ಸುನಾಮಿಗೆ ಸಿದ್ಧವಾದ ಹಳ್ಳಿಗಳೆಂಬ ಮಾನ್ಯತೆ ಸಿಕ್ಕಿತು. ಅಂಥ ಸಿದ್ಧತೆ ನಮ್ಮ ಪ್ರವಾಸಿ ತೀರಗಳಲ್ಲೂ ಆಗಬೇಕು, ಮತ್ತು ಅಲ್ಲಿನ ಅಣಕು ಕಾರ್ಯಾಚರಣೆಗಳು ಪ್ರವಾಸಿಗರು ತುಂಬಿರುವ ದಿನಗಳಲ್ಲೂ ನಡೆಯಬೇಕು.

ಎಚ್ಚರಿಕೆ ಬಂದು ಅಲೆ ಬಾರದಿದ್ದಾಗ ಅಧಿಕಾರಿಗಳನ್ನು ಹೀಯಾಳಿಸುವ ಪರಿಪಾಠವನ್ನೂ ನಾವು ಬಿಡಬೇಕು. 2012ರ ಏಪ್ರಿಲ್ 11ರಂದು ಸುಮಾತ್ರಾದ ಬಳಿ 8.6ರ ಭೂಕಂಪವಾದಾಗ ಕಡಲ ತಳ ಹೆಚ್ಚು ಮೇಲೆದ್ದು ನೀರನ್ನು ಎತ್ತದೆ ಅಡ್ಡಡ್ಡವಾಗಿ ಸರಿದದ್ದರಿಂದ ದೊಡ್ಡ ಸುನಾಮಿ ಏಳಲಿಲ್ಲ. ಮೊದಲ ನಿಮಿಷಗಳಲ್ಲಿ ಅದು ಯಾರಿಗೂ ಖಚಿತವಾಗಿ ತಿಳಿಯುವ ಸಂಗತಿಯಲ್ಲ. ಅಂದು ಇಂಡೋನೇಷ್ಯಾದ ಬಂಡಾ ಆಚೆಯಲ್ಲಿ ಜನರೆಲ್ಲ ವಾಹನಗಳಲ್ಲೇ ಹೊರಟು ರಸ್ತೆಗಳು ಕಟ್ಟಿಕೊಂಡವು. ಅಲೆ ಬಂದಿದ್ದರೆ ಗತಿಯೇನು ಎಂದು ಯೋಚಿಸಬೇಕು.

ಈ ವರ್ಷ ಕಡಲಿಗೆ ಹೊರಡುವವರು ಇಷ್ಟನ್ನು ಮಾಡಿ. ತೀರ ತಲುಪಿದ ಕೂಡಲೇ ಎತ್ತರದ ಜಾಗ ಅಥವಾ ಮೂರು ಅಂತಸ್ತಿಗೂ ಎತ್ತರದ ಗಟ್ಟಿಯಾದ ಕಾಂಕ್ರೀಟ್ ಕಟ್ಟಡ ಎಲ್ಲಿದೆಯೆಂದು ಸ್ಥಳೀಯರನ್ನು ಕೇಳಿ, ಬಸ್ಸಿನಲ್ಲಿರುವ ಎಲ್ಲರಿಗೂ ಅದನ್ನು ತೋರಿಸಿ. ನೆಲ ಬಹಳ ಹೊತ್ತು ನಡುಗಿದರೆ, ಕಡಲು ಹಠಾತ್ತನೆ ಹಿಂದೆ ಸರಿದರೆ ಅಥವಾ ಉಬ್ಬಿದರೆ, ದೊಡ್ಡ ಮೊರೆತ ಕೇಳಿದರೆ, ಮೊಬೈಲ್‌ಗೆ ಎಚ್ಚರಿಕೆ ಬಂದರೆ, ಚಪ್ಪಲಿ, ಚೀಲಗಳನ್ನು ಹುಡುಕದೆ ಮಕ್ಕಳನ್ನೂ ವಯಸ್ಸಾದವರನ್ನೂ ಕರೆದುಕೊಂಡು ಕಾಲ್ನಡಿಗೆಯಲ್ಲೇ ಅಲ್ಲಿಗೆ ಹೋಗಿ. ಅಧಿಕಾರಿಗಳು ಅಪಾಯ ಕಳೆಯಿತೆಂದು ಹೇಳುವವರೆಗೆ, ಎಷ್ಟು ಗಂಟೆಯಾದರೂ ಸರಿ, ಕೆಳಗಿಳಿಯಬೇಡಿ.