ನೀನು ಎಲ್ಲಿ ನಿಂತಿದ್ದೆ?

ಎರಡು ವರ್ಷಗಳ ಹಿಂದೆ, ಡಿಸೆಂಬರಿನ ಒಂದು ನಸುಕಿನಲ್ಲಿ, ನೀಲೇಶ್ವರದ ಸಮೀಪದ ಒಂದು ಕಾವಿನಲ್ಲಿ, ಎಂದರೆ ದೈವದ ಬನದಲ್ಲಿ, ತೆಯ್ಯಂ ಎಂಬ ದೈವದ ವೇಷದ ಚಿತ್ರ ತೆಗೆದೆ. ಸೂಟೆಯ, ಎಂದರೆ ಗರಿಯ ಪಂಜಿನ, ಬೆಂಕಿ ಮುಖದ ಮೇಲೆ ಬಿದ್ದ ಗಳಿಗೆ ಅದು. ಮನೆಗೆ ಬಂದು ಕಂಪ್ಯೂಟರಿನಲ್ಲಿ ತೆರೆದಾಗ ಮೈ ಜುಮ್ಮೆಂದಿತು. ಕಾಸರಗೋಡಿನ ಬದಿಯಡ್ಕದಲ್ಲಿ ತಿಂಗಳಿಗೊಮ್ಮೆ ಸೇರುವ ನಮ್ಮ ಕನ್ನಡದ ಹವ್ಯಾಸಿ ಛಾಯಾಗ್ರಾಹಕ ಗೆಳೆಯರಿಗೆ ತೋರಿಸಿದೆ. ಒಂಬತ್ತು ಮಂದಿ ಇದ್ದರು. ಒಂಬತ್ತು ಮಂದಿಯೂ ‘ಭಾರೀ ಲಾಯ್ಕ’ ಎಂದರು. ಚಿತ್ರ ಎಲ್ಲರ ಕೈ ದಾಟಿ ನನಗೆ ಮರಳಲು ಮೂರು ನಿಮಿಷವೂ ಹಿಡಿಯಲಿಲ್ಲ.

ಮರುವಾರ ಅದನ್ನೇ ಹೊಸದುರ್ಗಕ್ಕೆ, ಮಲಯಾಳಿಗಳು ಕಾಞಂಗಾಡ್ ಎನ್ನುವ ಊರಿಗೆ, ಒಯ್ದೆ. ಅಲ್ಲಿನ ಮಲಯಾಳಿ ಹವ್ಯಾಸಿಗಳ ಕೂಟಕ್ಕೆ ಆಗಾಗ ಹೋಗುವುದುಂಟು. ಚಿತ್ರಕಲೆ ಕಲಿಸಿ ನಿವೃತ್ತರಾದ ಮಾಷ್ ಒಬ್ಬರು ಚಿತ್ರವನ್ನು ಮೇಜಿನ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. ನಾನು ಬೆಳಕಿನ ಬಗ್ಗೆ ಏನೋ ಹೇಳಲು ಹೊರಟಾಗ ಕೈಯೆತ್ತಿ ತಡೆದರು. ಆಮೇಲೆ ಎರಡೇ ಪ್ರಶ್ನೆ. ‘ನೀನು ಎಲ್ಲಿ ನಿಂತಿದ್ದೆ?’ ‘ಈ ಮುಖದ ಗೆರೆಗಳು ಎಲ್ಲಿ ಹೋದವು?’

ಎರಡನೆಯದು ನನ್ನನ್ನು ಚುಚ್ಚಿತು. ತೆಯ್ಯಂನ ಮುಖ ಬರೆಯುವುದನ್ನು ನೋಡಿದವರಿಗೆ ಗೊತ್ತು: ವೇಷ ಕಟ್ಟುವವರು ನೆಲದ ಮೇಲೆ ಮಲಗಿರುತ್ತಾರೆ, ಇನ್ನೊಬ್ಬರು ತಲೆಯ ಬಳಿ ಕುಳಿತು ತೆಂಗಿನ ಗರಿಯ ಕಡ್ಡಿಯ ತುದಿಯಿಂದ ಕೂದಲೆಳೆಯಂಥ ಗೆರೆಗಳನ್ನು ಎಳೆಯುತ್ತಾರೆ. ಗಂಟೆಗಟ್ಟಲೆ ನಡೆಯುವ ಕೆಲಸ. ನನ್ನ ಚಿತ್ರದಲ್ಲಿ ಅದೆಲ್ಲ ಒಂದು ಕೆಂಪು ಮುದ್ದೆಯಾಗಿತ್ತು. ಒಂಬತ್ತು ಮಂದಿಗೆ ಕಾಣಿಸಲಿಲ್ಲವೆಂದಲ್ಲ, ನನಗೇ ಕಂಡಿರಲಿಲ್ಲ.

ಕಾರಣವನ್ನೂ ಅವರೇ ಬಿಡಿಸಿ ಹೇಳಿದರು. ಕ್ಯಾಮೆರಾದ ಸೆನ್ಸರ್ ಕೆಂಪು, ಹಸಿರು, ನೀಲಿಯನ್ನು ಬೇರೆ ಬೇರೆಯಾಗಿ ಹಿಡಿಯುತ್ತದೆ. ಬೆಂಕಿಯ ಬೆಳಕಿನಲ್ಲಿ ಕೆಂಪೇ ಹೆಚ್ಚು. ಮುಖಕ್ಕೆ ಹಚ್ಚಿದ ಚಾಯಿಲ್ಯವೂ ಕೆಂಪು. ಹೀಗಾಗಿ ಉಳಿದೆರಡು ಬಣ್ಣಗಳಿಗೆ ಇನ್ನೂ ಜಾಗವಿರುವಾಗಲೇ ಕೆಂಪು ತುಂಬಿ ಹರಿದುಬಿಡುತ್ತದೆ. ಒಟ್ಟು ಬೆಳಕನ್ನು ತೋರಿಸುವ ಹಿಸ್ಟೋಗ್ರಾಂ ಎಂಬ ಕ್ಯಾಮೆರಾದ ನಕ್ಷೆಯಲ್ಲಿ ಹಸಿರಿಗೆ ತೂಕ ಜಾಸ್ತಿಯಾದ್ದರಿಂದ ಅಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಮೂರು ಬಣ್ಣಗಳ ಹಿಸ್ಟೋಗ್ರಾಂ ಪ್ರತ್ಯೇಕವಾಗಿ ನೋಡಿ ಒಂದು ಸ್ಟಾಪ್, ಎಂದರೆ ಬೆಳಕನ್ನು ಅರ್ಧಕ್ಕೆ, ಇಳಿಸಿದ್ದರೆ ಗೆರೆಗಳು ಉಳಿಯುತ್ತಿದ್ದವು. ಮೊದಲ ಪ್ರಶ್ನೆಯ ಅರ್ಥವೂ ಆಗ ಹೊಳೆಯಿತು. ನಾನು ಸೂಟೆ ಹಿಡಿದವನ ಬೆನ್ನಿಗೇ ನಿಂತಿದ್ದೆ. ಬೆಂಕಿ ಬಂದ ದಿಕ್ಕಿನಿಂದಲೇ ನೋಡಿದರೆ ಮುಖ ಚಪ್ಪಟೆಯಾಗದೆ ಇನ್ನೇನಾದೀತು? ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿಯಬೇಕಿತ್ತು.

ಬಸ್ಸಿನಲ್ಲಿ ಮರಳುವಾಗ ಸಿಟ್ಟು ಬಂದಿತ್ತು, ನಿಜ. ನಸುಕಿನಲ್ಲಿ ಆ ಜನಜಂಗುಳಿಯ ನಡುವೆ ನಿಂತವನ ಕಷ್ಟ ಇವರಿಗೇನು ಗೊತ್ತು ಎಂದು ಚಂದ್ರಗಿರಿ ಸೇತುವೆ ದಾಟುವವರೆಗೂ ಮನಸ್ಸಿನಲ್ಲೇ ವಾದ ಮಾಡಿದೆ. ಆದರೆ ಚಿತ್ರ ನೋಡುವವರಿಗೆ ನನ್ನ ಕಷ್ಟ ಕಾಣುವುದಿಲ್ಲ, ಚೌಕಟ್ಟಿನೊಳಗಿರುವುದಷ್ಟೇ ಕಾಣುತ್ತದೆ. ಮಾಷ್ ಕೈಯೆತ್ತಿ ತಡೆದದ್ದು ಅದಕ್ಕೇ. ನಾನು ಮೊದಲೇ ವಿವರಿಸಿದ್ದರೆ ಅವರು ನನ್ನ ಮಾತನ್ನು ನೋಡುತ್ತಿದ್ದರು, ಚಿತ್ರವನ್ನಲ್ಲ.

ನಮ್ಮ ಬದಿಯಡ್ಕದ ಗೆಳೆಯರು ಕಣ್ಣಿಲ್ಲದವರೇನಲ್ಲ. ಅವರ ‘ಲಾಯ್ಕ’ದ ಹಿಂದೆ ಒಂದು ಚರಿತ್ರೆಯಿದೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಇಲ್ಲಿನ ಕನ್ನಡಿಗರು ಎಣಿಸಿ ನೋಡಿಕೊಳ್ಳುವವರಾದೆವು. ನಮ್ಮವನೊಬ್ಬ ಕವಿತೆ ಬರೆದರೆ, ವೇಷ ಕಟ್ಟಿದರೆ, ಕ್ಯಾಮೆರಾ ಹಿಡಿದರೆ ಮೊದಲು ಬೆನ್ನು ತಟ್ಟುತ್ತೇವೆ. ಇದ್ದೊಬ್ಬನೂ ಬಿಟ್ಟುಹೋದಾನೆಂಬ ಭಯ. ಆ ಪ್ರೀತಿಯಿಂದಲೇ ನಾನು ಬೆಳೆದವನು, ಅದನ್ನು ಹಗುರವಾಗಿ ಕಾಣಲಾರೆ. ಆದರೂ ಕೇಳುತ್ತೇನೆ: ಇಷ್ಟು ವರ್ಷಗಳಲ್ಲಿ ಹೊಗಳಿಕೆಯೊಂದರಿಂದಲೇ ಯಾರ ಚಿತ್ರ ಸುಧಾರಿಸಿತು?

ಬೆಂಗಳೂರಿನ ದಾರಿ ಬೇರೆ. ಅಲ್ಲಿರುವ ನನ್ನ ಭಾವ ಸ್ಪರ್ಧೆಗಳಿಗೆ ಚಿತ್ರ ಕಳುಹಿಸುವವರು. ಸಲೂನ್ ಎಂದು ಕರೆಯುವ ಆ ಸ್ಪರ್ಧೆಗಳಲ್ಲಿ ತೀರ್ಪುಗಾರರು ಅಂಕ ಕೊಡುತ್ತಾರೆ, ಒಂದು ಮಿತಿ ದಾಟಿದರೆ ಸ್ವೀಕೃತ, ಇಲ್ಲವಾದರೆ ತಿರಸ್ಕೃತ. 1950ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಒಕ್ಕೂಟ ಫಿಯಾಪ್‌ನ ಬಿರುದುಗಳಿಗೂ ಇಂಥ ಸ್ವೀಕೃತಿಗಳ ಲೆಕ್ಕವೇ ಮೆಟ್ಟಿಲು. ಶಿಸ್ತು ಕಲಿಸುವ ವ್ಯವಸ್ಥೆ ಅದು, ಒಪ್ಪುತ್ತೇನೆ. ಆದರೆ ಭಾವನ ಕೈಗೆ ಬರುವುದು ಒಂದು ಸಂಖ್ಯೆ. ಅದು ಯಾಕೆ ಹದಿನೆಂಟಾಗದೆ ಹದಿನೈದಾಯಿತೆಂದು ಅವರು ಪ್ರತಿ ಬಾರಿ ಊಹಿಸುತ್ತಲೇ ಇದ್ದಾರೆ. ಹೊಸದುರ್ಗದ ಕೂಟದಲ್ಲೂ ಎಲ್ಲವೂ ನನಗೆ ಹಿಡಿಸುವುದಿಲ್ಲ. ಕೆಲವೊಮ್ಮೆ ಚಿತ್ರ ಪಕ್ಕಕ್ಕೆ ಸರಿದು ರಾಜಕೀಯವೇ ಒಂದು ಗಂಟೆ ನಡೆಯುತ್ತದೆ.

ಮಾಷ್ ಮಾಡಿದ್ದು ನಮಗೇನೂ ಹೊಸತಲ್ಲ ಎಂಬುದು ನನಗೆ ಹೊಳೆದದ್ದು ಒಂದು ತಾಳಮದ್ದಳೆಯ ರಾತ್ರಿ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ, ಹೆಸರಾಂತ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ನಾಡು ನಮ್ಮದು. ತಾಳಮದ್ದಳೆಯಲ್ಲಿ ವೇಷವಿಲ್ಲದೆ, ಬರಿಯ ಮಾತಿನಲ್ಲಿ, ಪಾತ್ರಗಳಾಗಿ ಮಾತಾಡುವ ಅರ್ಥಧಾರಿಗಳು ಎದುರಾಳಿಯ ಒಂದೊಂದು ಮಾತನ್ನೂ ಹಿಡಿದು ಪ್ರಶ್ನಿಸುತ್ತಾರೆ. ಕೂಟ ಮುಗಿದು ಚಹಾ ಕುಡಿಯುವಾಗ ಪ್ರೇಕ್ಷಕರು ಬಿಡುತ್ತಾರೆಯೇ? ಕೌರವನ ಮಾತು ಎಲ್ಲಿ ಸಡಿಲವಾಯಿತು, ಕೃಷ್ಣ ಯಾವ ಪದ್ಯದ ಅರ್ಥದಲ್ಲಿ ಎದುರಾಳಿಗೆ ಅವಕಾಶ ಕೊಡಲಿಲ್ಲ ಎಂದು ಪದ್ಯದ ಸಮೇತ ಹೇಳುತ್ತಾರೆ. ಅರ್ಥ ಹೇಳಿದವರೂ ಅಲ್ಲೇ ಕುಳಿತು ಕೇಳುತ್ತಾರೆ. ಅಂಗಳದಲ್ಲಿ ಅಡಿಕೆ ಹೆಕ್ಕುವಾಗಲೂ ನಾವು ಹಾಗೆಯೇ: ಕೋಕ, ಕರಿಗೋಟು, ಪಟೋರ ಎಂದು ಕೈಯೇ ಬೇರ್ಪಡಿಸುತ್ತದೆ, ಅದರಿಂದ ಅಡಿಕೆಗೂ ತೋಟದವನಿಗೂ ಅವಮಾನವೆಂದು ಯಾರೂ ಭಾವಿಸುವುದಿಲ್ಲ. ಚಿತ್ರದ ಮುಂದೆ ಮಾತ್ರ ಈ ಕಣ್ಣನ್ನು ಯಾಕೆ ಮುಚ್ಚಿಕೊಳ್ಳಬೇಕು?

ಮೆಚ್ಚಿದರೂ ಎಲ್ಲಿ ಮೆಚ್ಚಿದೆ ಎಂದು ಬೆರಳಿಟ್ಟು ತೋರಿಸಬೇಕೆಂದು ಈಗ ಹಟ ಹಿಡಿಯುತ್ತೇನೆ. ‘ಕಣ್ಣು ಮೊದಲು ಈ ಮೂಲೆಗೆ ಹೋಯಿತು, ಅಲ್ಲೇ ಸಿಕ್ಕಿಕೊಂಡಿತು’ ಎಂದು ಒಬ್ಬರು ಹೇಳಿದರೂ ತೆಗೆದವನಿಗೆ ಕೆಲಸಕ್ಕೆ ಬರುತ್ತದೆ. ಮಾಷ್ ತಪ್ಪನ್ನು ಪ್ರಶ್ನೆಯಾಗಿ ಕೇಳಿದರು. ಉತ್ತರ ಹುಡುಕುವ ಕೆಲಸ ನನ್ನದಾಯಿತು. ಕಳೆದ ವರ್ಷ ಅದೇ ಕಾವಿಗೆ ಹೋಗಿ, ಪಕ್ಕಕ್ಕೆ ಸರಿದು ನಿಂತು, ಬೆಳಕು ಇಳಿಸಿ ತೆಗೆದೆ. ಗೆರೆಗಳು ಉಳಿದವು. ಮಾಷ್ ನೋಡಿ ತಲೆಯಾಡಿಸಿದರು, ಆಮೇಲೆ ಚಿತ್ರದ ಹಿನ್ನೆಲೆಯಲ್ಲಿದ್ದ ಟ್ಯೂಬ್‌ಲೈಟ್ ತೋರಿಸಿದರು.

ಹೋದ ತಿಂಗಳು ಬದಿಯಡ್ಕದ ಕೂಟಕ್ಕೆ ಪ್ಲಸ್ ಟು ಓದುವ ಹುಡುಗನೊಬ್ಬ ಮೊಬೈಲಿನಲ್ಲಿ ತೆಗೆದ ಚಿತ್ರ ತಂದಿದ್ದ. ಅಂಗಳದ ತುಂಬ ಒಣಹಾಕಿದ ಅಡಿಕೆ, ಮೇಲಿನಿಂದ ನೋಡಿದ್ದು. ಅಚ್ಚುಕಟ್ಟಾಗಿತ್ತು, ಆದರೆ ಖಾಲಿಖಾಲಿ. ಎಲ್ಲರೂ ‘ಲಾಯ್ಕ’ ಎನ್ನುವ ಮೊದಲೇ ಕೇಳಿದೆ, ‘ನೀನು ಎಲ್ಲಿ ನಿಂತಿದ್ದೆ?’

‘ತಾರಸಿಯಲ್ಲಿ, ಮಾವ. ಅಡಿಕೆ ತುಳಿದರೆ ಅಜ್ಜಿ ಬೈಯುತ್ತಾರೆ.’

‘ಅಜ್ಜಿ ಎಲ್ಲಿದ್ದರು?’

‘ಅಲ್ಲೇ. ಕಾಗೆ ಓಡಿಸುತ್ತಾ ಇದ್ದರು. ಚಿತ್ರದಲ್ಲಿ ಬಾರದ ಹಾಗೆ ತೆಗೆದೆ.’

ಹುಡುಗ ಮೊಬೈಲನ್ನು ನನ್ನ ಕೈಯಿಂದ ತೆಗೆದುಕೊಂಡು ಆ ಬೆಳಗಿನ ಉಳಿದ ಚಿತ್ರಗಳನ್ನು ಒಂದೊಂದಾಗಿ ಸರಿಸತೊಡಗಿದ. ಹನ್ನೊಂದಿದ್ದವು. ಏಳನೆಯದರಲ್ಲಿ ಅಡಿಕೆಯ ಮೇಲೆ ಉದ್ದಕ್ಕೆ ಬಿದ್ದ ಒಂದು ನೆರಳು, ನೆರಳಿನ ಕೈಯಲ್ಲಿ ಕೋಲು. ಒಂಬತ್ತು ಮಂದಿಯೂ ಆ ಚಿಕ್ಕ ಪರದೆಯ ಮೇಲೆ ಬಾಗಿದೆವು.