ಯಾವ ಅಣ್ಣ ಅಂತ ಯಾರೂ ಕೇಳಲಿಲ್ಲ

ಕೆಲವು ವರ್ಷಗಳ ಹಿಂದಿನ ಮಾತು. ಮಗುವಿನ ಹೆಸರು, ಊರು, ಶಾಲೆ ಯಾವುದನ್ನೂ ಇಲ್ಲಿ ಬರೆಯುವುದಿಲ್ಲ. ಗುರುತು ಸಿಗಬಾರದು ಅಂತ ಒಂದೆರಡು ವಿವರ ಬದಲಿಸಿದ್ದೇನೆ. ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ಪೋಕ್ಸೋ ಕಾನೂನಿನ 23ನೇ ಸೆಕ್ಷನ್ ಹೇಳುವುದೂ ಅದನ್ನೇ. ಕಾನೂನು ಹೇಳದಿದ್ದರೂ ನಾನು ಬರೆಯುತ್ತಿರಲಿಲ್ಲ. ಕೇರಳದ ಕಾಸರಗೋಡು ಜಿಲ್ಲೆಯ ಉತ್ತರದ ಒಂದು ಹಳ್ಳಿ ಅಂತ ಮಾತ್ರ ತಿಳಿದುಕೊಳ್ಳಿ.

ಎರಡನೇ ಕ್ಲಾಸಿನ ಹುಡುಗಿ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಅಮ್ಮ ಬೀಡಿ ಕಟ್ಟುತ್ತಾರೆ. ಒಬ್ಬರು ತನ್ನ ಮೈ ಮುಟ್ಟಿದರು ಅಂತ ಹುಡುಗಿ ಅಜ್ಜಿಯ ಹತ್ತಿರ ಹೇಳಿದಳು. ಅಜ್ಜಿ ಅದನ್ನು ಮುಚ್ಚಿಡಲಿಲ್ಲ, ಅಂಗನವಾಡಿ ಟೀಚರಿಗೆ ಹೇಳಿದರು. ಅವರು ತಡ ಮಾಡದೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದರು. ಅಲ್ಲಿವರೆಗೆ ಎಲ್ಲವೂ ಸರಿಯಾಗಿಯೇ ನಡೆಯಿತು. ಮನೆಗೆ ಬಂದ ಮಹಿಳಾ ಎಸ್‌ಐ ಯೂನಿಫಾರಂ ಹಾಕಿರಲಿಲ್ಲ. ಚೂಡಿದಾರದಲ್ಲಿ ಬಂದು, ಜಗಲಿಯಲ್ಲಿ ಮಗುವಿನ ಪಕ್ಕ ನೆಲದಲ್ಲೇ ಕೂತರು. ಕಾನೂನು ಹೇಗೆ ಹೇಳಿದೆಯೋ ಹಾಗೆ. ತುಂಬ ಒಳ್ಳೆಯ ಹೆಂಗಸು. ಆದರೆ ಅವರದ್ದು ಮಲಯಾಳ, ಮಗು ಆಡುವ ಮಾತು ಅವರಿಗೆ ಬರುತ್ತಿರಲಿಲ್ಲ.

ನೆರೆಮನೆಯವರೊಬ್ಬರು "ನಾನು ಹೇಳ್ತೇನೆ" ಅಂತ ಮುಂದೆ ಬಂದರು. ಯಾರು ಮುಟ್ಟಿದ್ದು ಅಂತ ಕೇಳಿದಾಗ ಮಗು "ಅಣ್ಣ" ಅಂದಳು. ಅವರು ಮಲಯಾಳದಲ್ಲಿ "ಅವಳ ಚೇಟ್ಟನ್" ಅಂದರು. ಕಾಗದದ ಮೇಲೆ ಅದು "ಸಹೋದರನ್", ಅಂದರೆ ಒಡಹುಟ್ಟಿದವನು, ಆಯಿತು.

ನಮ್ಮ ಕಡೆ ಮಕ್ಕಳು ಅಣ್ಣ ಅನ್ನುವುದು ಯಾರಿಗೆ? ಬಸ್ಸಿನ ಕಂಡಕ್ಟರ್ ಅಣ್ಣ. ಅಡಿಕೆ ಕೊಯ್ಯಲು ಬರುವವರು ಅಣ್ಣ. ಐಸ್‌ಕ್ಯಾಂಡಿ ಮಾರುವವರು ಅಣ್ಣ. ಮೀಸೆ ಬಂದವರೆಲ್ಲ ಅಣ್ಣ, ತಲೆ ಸ್ವಲ್ಪ ಬೆಳ್ಳಗಾಗಿದ್ದರೆ ಮಾಮ. ಇದು ಇಲ್ಲಿ ಹುಟ್ಟಿ ಬೆಳೆದ ಯಾರಿಗೂ ಗೊತ್ತು. ಆದರೆ ಆ ಹುಡುಗಿಗೆ ಒಂಬತ್ತನೇ ಕ್ಲಾಸಿಗೆ ಹೋಗುವ ಸ್ವಂತ ಅಣ್ಣನೂ ಇದ್ದ. ಅವತ್ತು ಸಂಜೆ ಅವನನ್ನು ವಿಚಾರಿಸಲು ಕರೆದುಕೊಂಡು ಹೋದರು.

ರಾತ್ರಿ ಆ ಮಕ್ಕಳ ಅಮ್ಮ ನನಗೆ ಫೋನ್ ಮಾಡಿದಳು. ಅವಳೂ ನನ್ನ ಕ್ಲಾಸಿನಲ್ಲಿ ಕಲಿತವಳೇ. "ಟೀಚರ್, ನೀವು ಒಮ್ಮೆ ಬರ್ಬೇಕು" ಅಂದಳು. ಮತ್ತೆ ಮಾತಾಡಲು ಅವಳಿಗೆ ಆಗಲಿಲ್ಲ.

ಮರುದಿನ ಬೆಳಿಗ್ಗೆ ಅದೇ ಜಗಲಿಯಲ್ಲಿ, ಅದೇ ಎಸ್‌ಐ ಎದುರು ನಾನು ಮಗುವಿನ ಹತ್ತಿರ ಕೂತೆ. ಮೊದಲು ಅವಳ ಬೆಕ್ಕಿನ ವಿಷಯ ಮಾತಾಡಿದೆವು. ಆಮೇಲೆ ತುಳುವಿನಲ್ಲಿ ಕೇಳಿದೆ, "ವಾ ಅಣ್ಣೆ ಮಗಾ?" ಯಾವ ಅಣ್ಣ?

"ಅಂಗಡಿದ ಅಣ್ಣೆ" ಅಂದಳು.

"ಎಂದಾ ಟೀಚರೇ, ಕುಟ್ಟಿ ಪರಞ್ಞದ್?" ಮಗು ಏನು ಹೇಳಿದ್ದು ಅಂತ ಎಸ್‌ಐ ಕೇಳಿದರು. ಹೇಳಿದೆ. ಅವರು ಸ್ವಲ್ಪ ಹೊತ್ತು ಪೆನ್ನು ಎತ್ತಲೇ ಇಲ್ಲ. ಆಮೇಲೆ ಹೊಸ ಹಾಳೆ ತೆಗೆದರು.

ಕೇಸು ಸರಿಯಾದ ದಾರಿ ಹಿಡಿಯಿತು. ಹುಡುಗ ಮನೆಗೆ ಬಂದ. ಆದರೆ ಊರಿನ ಬಾಯಿಗೆ ಹೊಸ ಹಾಳೆ ಇಲ್ಲವಲ್ಲ. ಬಸ್ ಸ್ಟಾಪಿನಲ್ಲಿ ಅವನನ್ನು ನೋಡಿ ಪಿಸುಗುಟ್ಟುವವರು ಆಮೇಲೂ ಇದ್ದರು. ಆ ವರ್ಷವೇ ಅವನು ಶಾಲೆ ಬಿಟ್ಟ. ಈಗ ಮಂಗಳೂರಿನ ಒಂದು ಹೋಟೆಲಿನಲ್ಲಿ ಕೆಲಸಕ್ಕಿದ್ದಾನೆ. ಲೆಕ್ಕದಲ್ಲಿ ತುಂಬ ಚುರುಕಾಗಿದ್ದ ಹುಡುಗ.

ಇಂಥದ್ದು ತಪ್ಪಿಸಲು ಹೊಸ ಕಾನೂನೇನೂ ಬೇಕಾಗಿಲ್ಲ. 2012ರ ಪೋಕ್ಸೋ ಕಾನೂನಿನ 19ನೇ ಸೆಕ್ಷನ್ ಓದಿ ನೋಡಿ. ಮಗುವಿಗೆ ಅರ್ಥವಾಗದ ಭಾಷೆಯಲ್ಲಿ ದೂರು ಬರೆಯುವುದಾದರೆ ಭಾಷಾಂತರ ಮಾಡುವವರನ್ನು ಒದಗಿಸಬೇಕು ಅಂತ ಇದೆ. ಕೋರ್ಟಿಗೂ ಇದೇ ಮಾತು 38ನೇ ಸೆಕ್ಷನ್‌ನಲ್ಲಿದೆ. 2020ರಲ್ಲಿ ಬಂದ ಪೋಕ್ಸೋ ನಿಯಮಗಳು ಇನ್ನೂ ಬಿಡಿಸಿ ಹೇಳುತ್ತವೆ. ಪ್ರತಿ ಜಿಲ್ಲೆಯ ಮಕ್ಕಳ ರಕ್ಷಣಾ ಘಟಕ ಭಾಷಾಂತರಕಾರರ ಹೆಸರು, ವಿಳಾಸ, ಫೋನ್ ನಂಬರಿನ ಪಟ್ಟಿ ಇಟ್ಟುಕೊಳ್ಳಬೇಕು. ಅವರಿಗೆ ಸಂಭಾವನೆ ಕೊಡಬೇಕು. ದೊಡ್ಡ ಡಿಗ್ರಿ ಬೇಕಾಗಿಲ್ಲ. ರಾಜ್ಯದ ಭಾಷೆಯೂ ಮಗುವಿನ ಭಾಷೆಯೂ ವ್ಯವಹಾರಕ್ಕೆ ಆಗುವಷ್ಟು ಬಂದರೆ ಸಾಕು. ಅದು ಮಾತೃಭಾಷೆಯಾಗಿರಬಹುದು, ಪ್ರೈಮರಿವರೆಗೆ ಕಲಿತ ಮಾಧ್ಯಮವಾಗಿರಬಹುದು, ಆ ಭಾಷೆ ಆಡುವ ಊರಲ್ಲಿದ್ದು ಕಲಿತದ್ದೂ ಆಗಬಹುದು. ಆದರೆ ಆ ವ್ಯಕ್ತಿ ಯಾರ ಪರವೂ ಇರಬಾರದು. ಮಗು ಹೇಳಿದ್ದಕ್ಕೆ ಏನೂ ಸೇರಿಸಬಾರದು, ಏನೂ ಬಿಡಬಾರದು.

ಇದನ್ನು ಓದಿದಾಗ ನನಗೆ ಆ ನೆರೆಮನೆಯವರ ನೆನಪಾಯಿತು. ಅವರು ಕೆಟ್ಟವರಲ್ಲ, ಸಹಾಯ ಮಾಡಲೆಂದೇ ಬಂದವರು. ಆದರೆ ಹಳ್ಳಿಯಲ್ಲಿ ನೆರೆಯವರು ಅಂದರೆ ಯಾರಿಗಾದರೂ ನೆಂಟರು, ಯಾರದ್ದಾದರೂ ಅಂಗಡಿಯಲ್ಲಿ ಸಾಲ ಇರುವವರು. ಅಂಥವರ ಬಾಯಿಯಿಂದ ಮಗುವಿನ ಮಾತು ಹೇಳಿಸುವುದೇ ತಪ್ಪು. ಮಗುವಿಗೂ ಅವರ ಎದುರು ಹೇಳಲು ನಾಚಿಕೆ. ನಾಳೆಯೂ ಅವರನ್ನು ಬಾವಿಕಟ್ಟೆಯಲ್ಲಿ ನೋಡಬೇಕಲ್ವಾ?

ನಮ್ಮದು ಸುಮ್ನೆ ಎರಡು ಭಾಷೆಯ ಜಿಲ್ಲೆ ಅಲ್ಲ. ಮಂಜೇಶ್ವರದಿಂದ ಚಂದ್ರಗಿರಿ ಹೊಳೆಯವರೆಗೆ ಬನ್ನಿ. ತುಳು, ಕನ್ನಡ, ಹವ್ಯಕ, ಬ್ಯಾರಿ, ಕೊಂಕಣಿ, ಮರಾಠಿ ಎಲ್ಲ ಕೇಳುತ್ತೀರಿ. "ಮಕ್ಕಳು ಶಾಲೆಯಲ್ಲಿ ಮಲಯಾಳ ಕಲಿಯುತ್ತಾರಲ್ಲ, ಟಿವಿ ನೋಡುತ್ತಾರಲ್ಲ" ಅಂತ ಕೆಲವರು ಹೇಳುತ್ತಾರೆ. ಹೌದು, ಕಲಿಯಲಿ, ನಾನೂ ಕಲಿತಿದ್ದೇನೆ. ಆದರೆ ಮೂವತ್ತು ವರ್ಷ ಪಾಠ ಮಾಡಿದ ಅನುಭವದಿಂದ ಹೇಳುತ್ತೇನೆ. ಆಟದಲ್ಲಿ, ಅಂಗಡಿಯಲ್ಲಿ ಮೂರು ಭಾಷೆ ಪಟಪಟ ಆಡುವ ಮಗು, ಹೆದರಿದಾಗ ಅಮ್ಮ ಲಾಲಿ ಹಾಡಿದ ಭಾಷೆಗೇ ವಾಪಸ್ ಹೋಗುತ್ತದೆ. ಮೈಯ ಭಾಗಗಳ ಹೆಸರು ಆ ಭಾಷೆಯಲ್ಲಿ ಮಾತ್ರ ಗೊತ್ತಿರುತ್ತದೆ. ಅದೂ ಮನೆಯೊಳಗೆ ಹೇಳುವ ಮುದ್ದಿನ ಹೆಸರು.

ಕನ್ನಡ ಬಾರದ ಟೀಚರುಗಳನ್ನು ಕನ್ನಡ ಮೀಡಿಯಂ ಕ್ಲಾಸಿಗೆ ನೇಮಿಸಿದ್ದು, ಮಕ್ಕಳೂ ಹೆತ್ತವರೂ ಪ್ರತಿಭಟನೆ ಮಾಡಿದ್ದು ಇಲ್ಲಿ ಮತ್ತೆ ಮತ್ತೆ ಆಗಿದೆ. ನಾನೂ ಆ ಪ್ರತಿಭಟನೆಗಳಿಗೆ ಹೋಗಿದ್ದೇನೆ. ಆಗ ನಾವು ಮಾತಾಡಿದ್ದು ಲೆಕ್ಕದ ಪಾಠ, ಪರೀಕ್ಷೆ, ಮಾರ್ಕು. ಅದು ಸರಿಯೇ. ಆದರೆ ಮಗು ಮನೆಯ ಹೊರಗೆ ಮೊದಲು ಬಾಯಿ ಬಿಡುವುದು ಟೀಚರ ಹತ್ತಿರ. ಗೊತ್ತಿದ್ದೂ ಪೊಲೀಸರಿಗೆ ತಿಳಿಸದಿದ್ದರೆ 21ನೇ ಸೆಕ್ಷನ್ ಪ್ರಕಾರ ಆರು ತಿಂಗಳವರೆಗೆ ಜೈಲು ಇದೆ. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರು ಮಾಡಿದ್ದನ್ನು ಮುಚ್ಚಿಟ್ಟರೆ ಒಂದು ವರ್ಷದವರೆಗೆ. ಮಗು ಹೇಳಿದ್ದೇ ಅರ್ಥವಾಗದಿದ್ದರೆ ಆ ಟೀಚರ್ ಏನನ್ನು ತಿಳಿಸುವುದು? ಟೀಚರ್ ನೇಮಕದ ಪ್ರಶ್ನೆ ಮಕ್ಕಳ ಸುರಕ್ಷತೆಯ ಪ್ರಶ್ನೆಯೂ ಹೌದು ಅಂತ ನಾನು ಈಗ ಎಲ್ಲ ಕಡೆ ಹೇಳುತ್ತಿದ್ದೇನೆ. ಶಾಲೆಗಳ ಕೌನ್ಸಿಲರ್‌ಗಳ ವಿಷಯವೂ ಇದೇ.

ಜನರ ಮಾತು ಕೇಳಿಸಿಕೊಳ್ಳುವವರು ಹತ್ತಿರವೇ ಇರಬೇಕು ಅಂತ ಎಂಡೋಸಲ್ಫಾನ್ ಕೀಟನಾಶಕದ ವಿಷಯದಲ್ಲಿ ನಾವು ಪಾಠ ಕಲಿತಿಲ್ಲವೇ? ಪಡ್ರೆಯ ವಾಣಿನಗರದಲ್ಲಿ ಕ್ಲಿನಿಕ್ ನಡೆಸುತ್ತಿದ್ದ ಡಾ. ವೈ.ಎಸ್. ಮೋಹನ ಕುಮಾರ್ ಅವರಿಗೆ ಅಲ್ಲಿನ ಮಕ್ಕಳಲ್ಲಿ ಏನೋ ಸರಿಯಿಲ್ಲ ಅಂತ ಮೊದಲು ಕಂಡದ್ದು ಹೇಗೆ? ಮನೆಮನೆಯ ಕಷ್ಟ ಕೇಳುತ್ತ ಅಲ್ಲೇ ಇದ್ದದ್ದರಿಂದ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ವಿಷ ಸುರಿಯುವುದು ನಿಂತದ್ದು 2000ದ ಕೊನೆಗೆ. ಸಂತ್ರಸ್ತರಿಗೆ ಐದು ಲಕ್ಷ ಕೊಡಿ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2017ರ ಜನವರಿಯಲ್ಲಿ. ನಡುವೆ ಒಂದು ತಲೆಮಾರಿನ ಮಕ್ಕಳು ಹಾಸಿಗೆಯಲ್ಲೇ ದೊಡ್ಡವರಾದರು.

ಹಾಗಾಗಿ ನಮ್ಮ ಶಾಸಕರ ಹತ್ತಿರ ನನ್ನ ಕೋರಿಕೆ ಇಷ್ಟೇ. ವಿಧಾನಸಭೆಯಲ್ಲಿ ಕೇಳಿ. ಕಾಸರಗೋಡಿನ ಭಾಷಾಂತರಕಾರರ ಆ ಪಟ್ಟಿಯಲ್ಲಿ ಎಷ್ಟು ಜನ ಇದ್ದಾರೆ? ಯಾವ ಯಾವ ಭಾಷೆಯವರು? ಕಳೆದ ವರ್ಷ ಎಷ್ಟು ಸಲ ಅವರನ್ನು ಕರೆದಿದ್ದಾರೆ, ಎಷ್ಟು ಸಂಭಾವನೆ ಕೊಟ್ಟಿದ್ದಾರೆ? ಪ್ರತಿ ಸ್ಟೇಷನ್ನಿನಲ್ಲಿ, ಪ್ರತಿ ಪಂಚಾಯತಿನಲ್ಲಿ ಆ ಪಟ್ಟಿ ಕೈಗೆ ಸಿಗುವಂತಿರಲಿ. ಮಗು ಹೇಳಿದ್ದನ್ನು ಮೊದಲು ಮಗುವಿನ ಮಾತಿನಲ್ಲೇ, ಕನ್ನಡ ಲಿಪಿಯಲ್ಲಿ ಬರೆಯಲಿ. ಮಲಯಾಳದ ಹಾಳೆ ಅದರ ಜೊತೆಗಿರಲಿ. ಆಗ "ಅಣ್ಣ" ಅನ್ನುವ ಶಬ್ದ ಅಣ್ಣ ಅಂತಲೇ ಉಳಿಯುತ್ತದೆ, ಜಡ್ಜ್ ಕೂಡ ಕೇಳಬಹುದು, ಯಾವ ಅಣ್ಣ ಅಂತ. 1098ಕ್ಕೆ ಇಲ್ಲಿಂದ ಕರೆ ಹೋದರೆ ಕನ್ನಡದಲ್ಲಿ, ತುಳುವಿನಲ್ಲಿ ಉತ್ತರಿಸುವವರೊಬ್ಬರು ಹಗಲೂ ರಾತ್ರಿಯೂ ಇರಲಿ. ದೊಡ್ಡ ಖರ್ಚೇನಲ್ಲ ಇದು.

ಇದರಲ್ಲಿ ಮಲಯಾಳದ ಮೇಲೆ ದ್ವೇಷ ಹುಡುಕಬೇಡಿ. ಹೊಸ ಹಾಳೆ ತೆಗೆದ ಆ ಎಸ್‌ಐ ಮಲಯಾಳದವರೇ. ಮುಂದೆ ಒಮ್ಮೆ ಸಿಕ್ಕಿದಾಗ, ತುಳು ಕಲಿಯಬೇಕು ಟೀಚರೇ ಅಂದರು.

ಕಲೆಕ್ಟರೇಟಿಗೆ ನಾನು ಕನ್ನಡದಲ್ಲೇ ಪತ್ರ ಬರೆದಿದ್ದೇನೆ. 1969ರ ಕೇರಳ ಅಧಿಕೃತ ಭಾಷಾ ಕಾನೂನು ನಮಗೆ ಕನ್ನಡದಲ್ಲಿ ಬರೆಯುವ, ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕು ಕೊಟ್ಟಿದೆ. ಆ ಪತ್ರದಲ್ಲಿ ನನ್ನ ಹೆಸರನ್ನೂ ಪಟ್ಟಿಗೆ ಕೊಟ್ಟಿದ್ದೇನೆ. ತುಳು, ಕನ್ನಡ, ಮಲಯಾಳ ಬರುತ್ತದೆ, ಯಾವ ಹೊತ್ತಿಗೆ ಕರೆದರೂ ಬರುತ್ತೇನೆ ಅಂತ ಬರೆದಿದ್ದೇನೆ. ರಿಟೈರ್ ಆದ ಟೀಚರುಗಳು, ಮಾಷ್ಟ್ರುಗಳು, ನೀವೂ ಹೆಸರು ಕೊಡಿ. ಹವ್ಯಕಕ್ಕೆ ಇಬ್ಬರು, ಬ್ಯಾರಿಗೆ ಒಬ್ಬರು, ಮರಾಠಿಗೆ ಒಬ್ಬರು ಒಪ್ಪಿದ್ದಾರೆ. ಕೊರಗ ಭಾಷೆ ಬರುವವರು ಇನ್ನೂ ಸಿಕ್ಕಿಲ್ಲ. ಯಾರಾದರೂ ಗೊತ್ತಿದ್ದರೆ ದಯವಿಟ್ಟು ನನಗೆ ತಿಳಿಸಿ.